ಸದ್ದು ಮಾಡದ ಡಬ್ಬ: ಕುವೆಂಪುನಗರದ ಒಂದು ಹಾಲ್, ಮೂರು ಮಿನಿ ಪಿಸಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮಕ್ಕನ ಮನೆ. ಭಾವ ರಿಟೈರ್ ಆದ ಮೇಲೆ ಹಾಲ್‌ನಲ್ಲೇ ಒಂದು ಪುಟ್ಟ ಥಿಯೇಟರ್ ಮಾಡಿಕೊಂಡರು. ಥಿಯೇಟರ್ ಅಂದರೆ ದೊಡ್ಡದೇನಲ್ಲ. 43 ಇಂಚಿನ 4ಕೆ ಟಿವಿ, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್. ಹಾಡು, ಸಿನಿಮಾ ಎಲ್ಲ ಬರುತ್ತಿದ್ದದ್ದು ಮಗಳು ಇಂಜಿನಿಯರಿಂಗ್ ಓದುವಾಗ ಕೊಡಿಸಿದ್ದ ಹಳೇ ಡೆಸ್ಕ್‌ಟಾಪ್‌ನಿಂದ. ಮಗಳು ಈಗ ಅಮೆರಿಕದಲ್ಲಿ. ಡೆಸ್ಕ್‌ಟಾಪ್ ಟಿವಿ ಯೂನಿಟ್‌ನ ಕೆಳಗಿನ ಖಾನೆಯಲ್ಲೇ ಉಳಿದಿತ್ತು.

2023ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಭಾವನ ಫೋನ್ ಬಂತು. "ನೋಡೋ, ಯಕ್ಷಗಾನ ಹಾಕಿದ್ರೆ ಏನೂ ತೊಂದರೆ ಇಲ್ಲ. ಆಲಾಪನೆ ಹಾಕಿದ್ರೆ ಮಾತ್ರ ಯಾರೋ ಟಿವಿ ಕೆಳಗೆ ಕೂತು ಫ್ಲೋರ್ ಮಿಲ್ ಓಡಿಸ್ತಿದಾರೆ ಅನ್ಸತ್ತೆ."

ಇಡೀ ಸಮಸ್ಯೆ ಆ ಒಂದು ಮಾತಿನಲ್ಲೇ ಇತ್ತು. ಚಂಡೆ ಬಡಿಯುವಾಗ ಪಕ್ಕದ ಮನೆಯ ಮಿಕ್ಸಿಯೂ ಕೇಳಿಸಲ್ಲ. ವೀಣೆಯ ತಂತಿ ಮೀಟಿ, ನಾದ ಸಣ್ಣಗಾಗುತ್ತಾ ಹೋಗಿ, ಇನ್ನೇನು ನಿಲ್ಲಬೇಕು ಅನ್ನುವ ಆ ಎರಡು ಸೆಕೆಂಡು ಇದೆಯಲ್ಲ, ಅಲ್ಲಿ ಫ್ಯಾನ್ ಸದ್ದು ಬಂದು ಕೂರುತ್ತದೆ. ಅದರಲ್ಲೂ ಡಿಸೆಂಬರ್ ರಾತ್ರಿ. ತಲೆ ಮೇಲಿನ ಫ್ಯಾನ್ ಆಫ್, ಕಿಟಕಿ ಬಂದ್, ರಸ್ತೆ ಖಾಲಿ. ಬೇಸಿಗೆಯಲ್ಲಾಗಿದ್ದರೆ ಸೀಲಿಂಗ್ ಫ್ಯಾನ್ ಸದ್ದಿನಲ್ಲಿ ಇದೆಲ್ಲ ಮುಚ್ಚಿಹೋಗುತ್ತಿತ್ತು, ನನಗೆ ಫೋನೂ ಬರುತ್ತಿರಲಿಲ್ಲ.

ಏನು ಬೇಕು, ಏನು ಬೇಡ

ಡೆಸ್ಕ್‌ಟಾಪ್ ಬದಲು ಒಂದು ಮಿನಿ ಪಿಸಿ, ಅಂದರೆ ಪುಟ್ಟ ಡಬ್ಬದಂಥ ಕಂಪ್ಯೂಟರ್ ತರೋಣ ಅಂತ ಒಂದು ಭಾನುವಾರ ಕೂತು ಪಟ್ಟಿ ಮಾಡಿದೆವು. ಪಟ್ಟಿ ಮಾಡಿಯೂ ಒಂದು ಸಲ ತಪ್ಪು ಸಾಮಾನೇ ತಂದೆ, ಅದು ಮುಂದೆ ಬರುತ್ತದೆ.

ಭಾವನ ಸಂಗ್ರಹ 1.1 ಟಿಬಿ. 8ನೇ ಕ್ರಾಸ್ ಗಣಪತಿ ಪೆಂಡಾಲ್‌ನಲ್ಲಿ ಕೂತು ಕ್ಯಾಸೆಟ್‌ಗೆ ಇಳಿಸಿಕೊಂಡ ಕಛೇರಿಗಳು, ಯಕ್ಷಗಾನ, ಡಿವಿಡಿಯಿಂದ ತೆಗೆದಿಟ್ಟ ಹಳೇ ಕನ್ನಡ ಸಿನಿಮಾಗಳು, 1992ರ ಅವರದೇ ಮದುವೆಯ ವಿಎಚ್‌ಎಸ್ ಕ್ಯಾಸೆಟ್‌ನಿಂದ ಮಾಡಿಸಿದ ಫೈಲ್. ಇದೆಲ್ಲ ಕೋಡಿ ಅನ್ನುವ, ಹಾಡು ಸಿನಿಮಾ ಓಡಿಸುವ ತಂತ್ರಾಂಶದಲ್ಲಿ ಸಲೀಸಾಗಿ ಓಡಬೇಕು. ಶನಿವಾರ ಬೆಳಗ್ಗೆ ಮೊಮ್ಮಗಳ ಜೊತೆ ವಿಡಿಯೋ ಕಾಲ್, ಅದೂ ಟಿವಿಯಲ್ಲೇ ಆಗಬೇಕು. ಫೋನ್ ಹಿಡಿದು ಹಿಡಿದು ಅಕ್ಕನಿಗೆ ಕೈ ನೋವು. ಉಳಿದದ್ದೆಲ್ಲ ಒಂದೇ ಷರತ್ತು. ಒಂಬತ್ತು ಅಡಿ ದೂರದ ಸೋಫಾದಲ್ಲಿ ಕೂತರೆ ಡಬ್ಬ ಇದೆ ಅಂತಲೇ ಗೊತ್ತಾಗಬಾರದು.

ಒಟಿಟಿ ಇದರಲ್ಲಿ ಬೇಡ ಅಂತ ನಾನೇ ಹೇಳಿದೆ. 4ಕೆ ಚಿತ್ರವನ್ನು ಈ ಕಂಪನಿಗಳು ತಾವು ಒಪ್ಪಿದ ಉಪಕರಣಗಳಿಗೆ ಮಾತ್ರ ಕೊಡುತ್ತವೆ. ಲಿನಕ್ಸ್ (ವಿಂಡೋಸ್ ಬದಲು ಹಾಕುವ ಉಚಿತ ವ್ಯವಸ್ಥೆ) ಇರುವ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಅದೇ ಸಿನಿಮಾ ಕಡಿಮೆ ದರ್ಜೆಯಲ್ಲಿ ಬರುತ್ತದೆ. ಟಿವಿಯೊಳಗಿನ ಆಪ್‌ನಲ್ಲಿ ಪೂರ್ತಿ ಬರುತ್ತದೆ. ಹಾಗಾಗಿ ಅದು ಟಿವಿಯ ಪಾಲಿಗೆ. ಬರೀ ಒಟಿಟಿ ನೋಡುವ ಮನೆಗೆ ಮಿನಿ ಪಿಸಿ ದಂಡ ಅಂತಲೇ ನನ್ನ ಅಭಿಪ್ರಾಯ. ಟಿವಿ ಆಪ್ ಸಾಕು, ಇಲ್ಲದಿದ್ದರೆ ಟಿವಿಗೆ ಸಿಕ್ಕಿಸುವ ಒಂದು ಸ್ಟಿಕ್ ಸಾಕು.

ರಾಸ್ಪ್‌ಬೆರ್ರಿ ಪೈ 5 ಅನ್ನುವ ಪುಟ್ಟ ಬೋರ್ಡ್ ಕಂಪ್ಯೂಟರ್ ಆಗಷ್ಟೇ ಬಂದಿತ್ತು. ಬರೀ ಕೋಡಿ ಆಗಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ಫ್ಯಾನ್ ಇಲ್ಲದ ಲೋಹದ ಕವಚ ಸಿಗುತ್ತದೆ, ಟಿವಿಯ ರಿಮೋಟ್‌ನಿಂದಲೇ ನಡೆಸಬಹುದು. ಆದರೆ ಬ್ರೌಸರ್, ವೆಬ್‌ಕ್ಯಾಮ್, ವಿಡಿಯೋ ಕಾಲ್ ಅಂತ ಹೋದಾಗ ಅದು ಏದುಸಿರು ಬಿಡುತ್ತದೇನೋ ಅನ್ನುವ ಅನುಮಾನ. ಮೇಲಾಗಿ ಕವಚ, ಅಡಾಪ್ಟರ್, ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಎಲ್ಲ ಸೇರಿಸಿದರೆ ಅಗ್ಗದ್ದು ಅನ್ನುವ ಹೆಸರು ಉಳಿಯಲ್ಲ. ಆಪಲ್‌ನ ಮ್ಯಾಕ್ ಮಿನಿ ವಿಷಯವೂ ಎತ್ತಿದೆ. ಒಳಗೆ ಫ್ಯಾನ್ ಇದ್ದರೂ ಕಿವಿಗೆ ಬೀಳುವುದು ಅಪರೂಪ. 59,900 ರೂಪಾಯಿ ಅಂದೆ. ಭಾವ ಕಾಫಿ ಲೋಟ ಕೆಳಗಿಟ್ಟರು. ಆ ಮಾತು ಅಲ್ಲಿಗೇ ಮುಗಿಯಿತು.

ಕಿವಿಯ ಪರೀಕ್ಷೆ

ಸದ್ದನ್ನು ಅಳೆಯುವುದು ಹೇಗೆ? ಮೊದಲು ಫೋನ್‌ನಲ್ಲಿ ಡೆಸಿಬೆಲ್ ಆಪ್ ಹಾಕಿ ನೋಡಿದೆ. ಡೆಸ್ಕ್‌ಟಾಪ್ ಆನ್ ಇದ್ದಾಗ 41. ಆಫ್ ಮಾಡಿದರೆ 34. ಬಾಗಿಲು ಹಾಕಿದರೂ 34, ಫೋನನ್ನು ದಿಂಬಿನ ಕೆಳಗೆ ಇಟ್ಟರೂ 34. ಅಷ್ಟಕ್ಕಿಂತ ಸಣ್ಣ ಸದ್ದು ಆ ಫೋನಿನ ಮೈಕ್‌ಗೆ ಎಟುಕುತ್ತಲೇ ಇರಲಿಲ್ಲ. ನಮಗೆ ಬೇಕಿದ್ದದ್ದು ಅದಕ್ಕಿಂತ ಕೆಳಗಿನ ಲೆಕ್ಕ.

ಆಮೇಲೆ ಒಂದು ಆಟ ಹೂಡಿದೆವು. ರಾತ್ರಿ ಹತ್ತೂವರೆ. ಫ್ರಿಜ್ ನಿಲ್ಲುವವರೆಗೂ ಕಾಯುವುದು. ಭಾವ ಸೋಫಾದಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ನಾನು ಹತ್ತು ಸರದಿ ಮಾಡುತ್ತೇನೆ. ಕೆಲವು ಸರದಿಯಲ್ಲಿ ಕಂಪ್ಯೂಟರ್ ಓಡುತ್ತಿರುತ್ತದೆ, ಕೆಲವು ಸರದಿಯಲ್ಲಿ ಇಲ್ಲ. ಓಡುತ್ತಿದೆ ಅನ್ನಿಸಿದರೆ ಬೆರಳೆತ್ತಬೇಕು. ಹತ್ತಕ್ಕೆ ಹತ್ತು ಸರಿ ಹೇಳಿದರೆ ಡಬ್ಬ ನಾಪಾಸು. ಹತ್ತಕ್ಕೆ ಐದರ ಆಸುಪಾಸು ಬಂದರೆ ಅದು ಬರೀ ಊಹೆ, ಅಂದರೆ ಡಬ್ಬ ಪಾಸು. ಡೆಸ್ಕ್‌ಟಾಪ್‌ಗೆ ಹತ್ತಕ್ಕೆ ಹತ್ತು ಬಂತು. ಅಕ್ಕ ಅಡುಗೆಮನೆಯಿಂದಲೇ ಹತ್ತೂ ಸರಿ ಹೇಳಿದಳು, ಅದು ಬೇರೆ ಮಾತು.

ಎಸ್.ಪಿ. ರೋಡಿನ ಮೌನ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪನಿಗಳು ಕೈಬಿಟ್ಟ ಟೈನಿ, ಮೈಕ್ರೋ ಪಿಸಿಗಳನ್ನು ಇಡ್ಲಿ ತಟ್ಟೆ ಪೇರಿಸಿದ ಹಾಗೆ ಪೇರಿಸಿಟ್ಟಿರುತ್ತಾರೆ. ಒಂದೊಂದೂ ಸುಮಾರು ಒಂದು ಲೀಟರ್ ಹಾಲಿನಷ್ಟು ಜಾಗ. ನಾನು ಆರಿಸಿದ್ದು ಐ5-8500ಟಿ ಚಿಪ್ ಇದ್ದದ್ದು, 13,500 ರೂಪಾಯಿ. 2018ರ ಚಿಪ್ ಆದರೂ ಗಟ್ಟಿ ಸಾಮಾನು.

"ಪಿನ್ ಡ್ರಾಪ್ ಸೈಲೆಂಟ್ ಸಾರ್" ಅಂದ ಅಂಗಡಿಯವನು. ಆಚೆ ಆಟೋ ಹಾರ್ನ್, ಒಳಗೆ ತಿರುಗುವ ಪೆಡೆಸ್ಟಲ್ ಫ್ಯಾನ್, ಪಕ್ಕದಲ್ಲಿ ಯಾರೋ ಪ್ರಿಂಟರ್ ಪರೀಕ್ಷೆ ಮಾಡುತ್ತಿದ್ದಾರೆ. ಅಲ್ಲಿ ಜೆಸಿಬಿ ಸ್ಟಾರ್ಟ್ ಮಾಡಿದರೂ ಸೈಲೆಂಟೇ.

ಕುವೆಂಪುನಗರದ ಹಾಲ್‌ನಲ್ಲಿ ಹತ್ತಕ್ಕೆ ಒಂಬತ್ತು. ಅದರ ಚಿಪ್ 35 ವ್ಯಾಟ್‌ನದು. ಆ ಶಾಖವನ್ನು ಅಂಗೈ ಅಗಲದ ಜಾಗದಿಂದ ಆಚೆ ಕಳಿಸಲು ಒಳಗೊಂದು ಚಿಕ್ಕ ಬ್ಲೋವರ್. ಚಿಕ್ಕ ಫ್ಯಾನ್‌ನ ಹಣೆಬರಹವೇ ಅದು. ದೊಡ್ಡ ರೆಕ್ಕೆ ನಿಧಾನಕ್ಕೆ ತಿರುಗಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ. ಚಿಕ್ಕದು ಅಷ್ಟೇ ಗಾಳಿ ತಳ್ಳಬೇಕಾದರೆ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ಸುತ್ತಬೇಕು. ಸದ್ದು ಜಾಸ್ತಿ ಅನ್ನುವುದಕ್ಕಿಂತ ಸದ್ದಿನ ಶ್ರುತಿ ಏರುತ್ತದೆ. ಭರ್ ಅನ್ನುವುದನ್ನು ಮರೆಯಬಹುದು, ಕಿರ್ ಅನ್ನುವುದನ್ನು ಮರೆಯುವುದು ಕಷ್ಟ.

ಇನ್ನೊಂದು ಎಡವಟ್ಟು ನಾನು ಮೊದಲೇ ನೋಡಬೇಕಿತ್ತು. ಟಿವಿಯಲ್ಲಿ ಮೌಸ್ ಬಾಣ ಕುಂಟುತ್ತಾ ಓಡಾಡುತ್ತಿತ್ತು. ಆ ಕಾಲದ ಇಂಟೆಲ್ ಚಿಪ್‌ಗಳಿಂದ ನೇರವಾಗಿ ಟಿವಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಕಿಂಡಿ 1.4 ದರ್ಜೆಯದು. 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರದ ಮೇಲೆ ಹೋಗುವುದಿಲ್ಲ. ಪೂರ್ತಿ 60 ಬೇಕೆಂದರೆ ಡಿಸ್‌ಪ್ಲೇ ಪೋರ್ಟ್ ಅನ್ನುವ ಇನ್ನೊಂದು ಕಿಂಡಿಯಿಂದ ಒಂದು ಕನ್ವರ್ಟರ್ ಹಾಕಿ ತರಬೇಕು. ಹಳೇ ಮಿನಿ ಪಿಸಿಯನ್ನು 4ಕೆ ಟಿವಿಗೆ ಕೊಳ್ಳುವವರು ಹಿಂಬದಿಯ ಕಿಂಡಿಗಳನ್ನು ಮೊದಲು ನೋಡಿ, ಆಮೇಲೆ ಚಿಪ್ ಹೆಸರು ಕೇಳಿ.

ವಾಪಸ್ ಕೊಡಲು ಹೋದರೆ "ದುಡ್ಡು ವಾಪಸ್ ಇಲ್ಲ ಸಾರ್, ಬೇರೆ ಐಟಂ ನೋಡಿ" ಅಂದ. ನಾನೇ ಇಟ್ಟುಕೊಂಡೆ. ಈಗ ನಮ್ಮನೆ ಮೆಟ್ಟಿಲ ಕೆಳಗೆ ಫೋಟೋ ಎಲ್ಲ ಕಾಪಿ ಇಟ್ಟುಕೊಂಡು ಕೂತಿದೆ. ಒಳ್ಳೇ ಕೆಲಸಗಾರ. ಸಂಗೀತ ಕೇಳುವ ಹಾಲ್‌ಗೆ ಆಗಿಬರುವುದಿಲ್ಲ, ಅಷ್ಟೇ.

ಏರಿ ಇಳಿಯುವ ಫ್ಯಾನ್

ಎರಡನೆಯ ಸಲ ಜಾಣನಾದೆ. ಕೊಳ್ಳಲಿಲ್ಲ, ಸ್ನೇಹಿತನಿಂದ ಎರಡು ರಾತ್ರಿಗೆ ಎರವಲು ತಂದೆ. ಇಂಟೆಲ್ ಎನ್100 ಚಿಪ್, ಒಳಗೊಂದು ಪುಟ್ಟ ಫ್ಯಾನ್. 2023ರ ಶುರುವಿನಲ್ಲಿ ಬಂದ ಈ ಚಿಪ್ ಕಾಗದದ ಮೇಲೆ ಬರೀ 6 ವ್ಯಾಟ್‌ನದು. ನಾಲ್ಕು ಚಿಕ್ಕ ಕೋರ್, ಅಂದರೆ ಲೆಕ್ಕ ಮಾಡುವ ಭಾಗಗಳು. ಆದರೆ ವಿಡಿಯೋ ಬಿಚ್ಚಿ ತೋರಿಸುವ ಯಂತ್ರಾಂಗ ಮಾತ್ರ ಹೊಸದು. ಎಚ್‌ಇವಿಸಿ, ವಿಪಿ9, ಎವಿ1 ಅನ್ನುವ, ವಿಡಿಯೋ ಕುಗ್ಗಿಸಿಡುವ ಮೂರೂ ಪದ್ಧತಿಗಳನ್ನು ಕೋರ್‌ಗಳಿಗೆ ತೊಂದರೆ ಕೊಡದೆ ಓದುತ್ತದೆ. ಹೋಮ್ ಥಿಯೇಟರ್‌ಗೆ ಬೇಕಾದ್ದು ಇದೇ. ಸಿನಿಮಾ ಓಡುವಾಗ ಕೋರ್‌ಗಳು ತೂಕಡಿಸುತ್ತಿರಬೇಕು.

ಮೊದಲ ಇಪ್ಪತ್ತು ನಿಮಿಷ ಭಾವನ ಮುಖ ಅರಳಿತ್ತು. ಆಮೇಲೆ ಸುಂಯ್ ಅಂತ ಫ್ಯಾನ್ ಎದ್ದಿತು. ಹತ್ತು ಸೆಕೆಂಡು ಓಡಿ ಇಳಿಯಿತು. ಮೂರು ನಿಮಿಷಕ್ಕೆ ಮತ್ತೆ ಸುಂಯ್. ಡೆಸ್ಕ್‌ಟಾಪ್‌ಗಿಂತ ಎಷ್ಟೋ ಸಣ್ಣ ಸದ್ದು. ಆದರೂ ಭಾವ ಅಂದರು, "ಇದು ಅದಕ್ಕಿಂತ ಕಷ್ಟ ಕಣೋ. ಅದು ಒಂದೇ ಸಮ ಗುಂಯ್ ಅಂತಿತ್ತು, ಕಿವಿ ಮರೀತಿತ್ತು. ಇದು ಮತ್ತೆ ಯಾವಾಗ ಬರತ್ತೋ ಅಂತ ಕಾಯೋ ಹಾಗಾಯ್ತು."

ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಸಿಕ್ಕ ಒಳ್ಳೇ ಮಾತು ಇದೇ. ಡಬ್ಬದ ಜಾಹೀರಾತಿನಲ್ಲಿ ಇಷ್ಟು ಡೆಸಿಬೆಲ್ ಅಂತ ಬರೆದಿರುತ್ತಾರೆ. ಸದ್ದು ಒಂದೇ ಸಮ ಇರುತ್ತದೋ, ಎದ್ದು ಬೀಳುತ್ತದೋ ಅಂತ ಯಾರೂ ಬರೆಯುವುದಿಲ್ಲ.

ಬಯೋಸ್, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಒಳಗೆ ಹೋಗಿ ನೋಡಿದೆ. 6 ವ್ಯಾಟ್ ಅಂತ ಹೆಸರಿದ್ದ ಚಿಪ್‌ಗೆ ತಯಾರಕರು 20 ವ್ಯಾಟ್‌ವರೆಗೆ ಬಿಟ್ಟುಕೊಟ್ಟಿದ್ದರು. ಸ್ಪೀಡ್ ಟೆಸ್ಟ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ಇರಬೇಕು. ಅದನ್ನು 8ಕ್ಕೆ ಇಳಿಸಿದೆ. ಫ್ಯಾನ್ ಪೂರ್ತಿ ನಿಂತು ಏಳುವ ಬದಲು ಸದಾ ನಿಧಾನಕ್ಕೆ ತಿರುಗುತ್ತಿರಲಿ ಅಂತ ಹೊಂದಿಸಿದೆ. ಸಿನಿಮಾದಲ್ಲಿ ಒಂದು ಕೂದಲಷ್ಟೂ ವ್ಯತ್ಯಾಸವಾಗಲಿಲ್ಲ. ಪರೀಕ್ಷೆಯಲ್ಲಿ ಹತ್ತಕ್ಕೆ ಏಳು. ಬಹಳ ಮನೆಗಳಿಗೆ ಇಷ್ಟು ಸಾಕು, ದುಡ್ಡೂ ಕಡಿಮೆ. ಈಗಾಗಲೇ ಇಂಥ ಡಬ್ಬ ಇರುವವರು ಹೊಸದು ಕೊಳ್ಳುವ ಮುಂಚೆ ಈ ಎರಡು ಬದಲಾವಣೆ ಮಾಡಿ ನೋಡಿ. ಸ್ನೇಹಿತನಿಗೆ ಹಾಗೇ ಹೊಂದಿಸಿದ್ದನ್ನೇ ವಾಪಸ್ ಕೊಟ್ಟೆ. ಡಬ್ಬ ರಿಪೇರಿ ಮಾಡಿಸಿದ್ಯಾ ಅಂತ ಕೇಳಿದ.

ಫ್ಯಾನೇ ಇಲ್ಲದ್ದು

ಕೊನೆಗೆ ಅದೇ ಎನ್100, ಆದರೆ ಫ್ಯಾನ್ ಇಲ್ಲದ್ದು. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸೇರಿ 19,000 ರೂಪಾಯಿ. ಮೈಯೆಲ್ಲ ಅಲ್ಯೂಮಿನಿಯಂ ಏಣುಗಳು. ಕೈಗೆತ್ತಿಕೊಂಡರೆ ಹಳೇ ಇಸ್ತ್ರಿ ಪೆಟ್ಟಿಗೆಯ ತೂಕ. ಚಿಪ್‌ನ ಬಿಸಿಯನ್ನು ಮೈಯೇ ಹೀರಿಕೊಂಡು ಸುತ್ತಲಿನ ಗಾಳಿಗೆ ಬಿಡಬೇಕು, ಹಾಗಾಗಿ ಈ ತೂಕ.

ಲಿನಕ್ಸ್ ಮಿಂಟ್ ಹಾಕಿದೆ, ಅದರ ಮೇಲೆ ಕೋಡಿ, ಒಂದು ಬ್ರೌಸರ್. ಪ್ಲಗ್‌ಗೆ ಸಿಕ್ಕಿಸುವ ಮೀಟರ್‌ನಲ್ಲಿ ನೋಡಿದರೆ ಸಿನಿಮಾ ಓಡುವಾಗ 12 ವ್ಯಾಟ್. ಡೆಸ್ಕ್‌ಟಾಪ್ ಸುಮ್ನೆ ಕೂತಿದ್ದರೂ 62 ತಿನ್ನುತ್ತಿತ್ತು. ದಿನಕ್ಕೆ ಆರು ಗಂಟೆ ಅಂದರೂ ತಿಂಗಳಿಗೆ 11 ಯೂನಿಟ್ ಇದ್ದದ್ದು 2ಕ್ಕೆ ಇಳಿಯಿತು. ದುಡ್ಡಿನ ಲೆಕ್ಕದಲ್ಲಿ ಇದು ಕಾಫಿ ಖರ್ಚು. ಕರೆಂಟ್ ಹೋದಾಗ ಇನ್‌ವರ್ಟರ್ ಮೇಲೆ ಎಷ್ಟು ಹೊತ್ತು ಓಡುತ್ತದೆ ಅನ್ನುವಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಂಡಿತು.

ಪರೀಕ್ಷೆಯಲ್ಲಿ ಹತ್ತಕ್ಕೆ ಐದು. ಭಾವ ಸುಮ್ಮನೆ ಊಹೆಯ ಮೇಲೆ ಬೆರಳೆತ್ತುತ್ತಿದ್ದರು. ಸರಿ, ಮುಗಿಯಿತು ಅಂದುಕೊಂಡು ವೀಣೆ ಕಛೇರಿ ಹಾಕಿದೆವು.

ಗುಂಯ್...

ಭಾವ ನನ್ನ ಮುಖ ನೋಡಿದರು. ನಾನು ಡಬ್ಬದ ಮೇಲೆ ಕಿವಿ ಇಟ್ಟೆ. ಡಬ್ಬ ಮೂಕ.

ತಂಬೂರಿ ಬುರುಡೆ

ಪರೀಕ್ಷೆಯ ಹೊತ್ತಿನಲ್ಲಿ ಹಾಡಿನ ಹಾರ್ಡ್ ಡಿಸ್ಕ್ ಸಿಕ್ಕಿಸಿರಲಿಲ್ಲ. ಅದು 3.5 ಇಂಚಿನದು, ಯುಎಸ್‌ಬಿ ಪೆಟ್ಟಿಗೆಯಲ್ಲಿ ಇರುವಂಥದ್ದು, ನಿಮಿಷಕ್ಕೆ 7200 ಸುತ್ತು. ಅರವತ್ತರಿಂದ ಭಾಗಿಸಿದರೆ ಸೆಕೆಂಡಿಗೆ 120. ಅಂದರೆ 120 ಹರ್ಟ್ಸ್‌ನ ಒಂದು ತಗ್ಗು ಸ್ವರವನ್ನು ಅದು ಬಿಡದೆ ಹಿಡಿದಿರುತ್ತದೆ. ಇಷ್ಟು ದಿನ ಡೆಸ್ಕ್‌ಟಾಪ್‌ನ ಗದ್ದಲದಲ್ಲಿ ಈ ಸ್ವರ ಮುಚ್ಚಿಹೋಗಿತ್ತು.

ಡಿಸ್ಕನ್ನು ಕೈಯಲ್ಲಿ ಎತ್ತಿ ಹಿಡಿದೆ. ಸದ್ದು ಮಾಯ. ಖಾನೆಯ ಮೇಲೆ ಇಟ್ಟೆ. ಮತ್ತೆ ಗುಂಯ್. ಎತ್ತಿದರೆ ಇಲ್ಲ, ಇಟ್ಟರೆ ಇದೆ. ಭಾವ ತಕ್ಷಣ ಹಿಡಿದರು. "ಬುರುಡೆ ಕಣೋ ಇದು!"

ಸರಿಯಾದ ಮಾತು. ತಂಬೂರಿಯ ತಂತಿ ಒಂದೇ ಆದರೆ ಎಷ್ಟು ಸದ್ದು ಬಂದೀತು? ಕೆಳಗಿನ ಬುರುಡೆ ಅದನ್ನು ಹಿಡಿದು ದೊಡ್ಡದು ಮಾಡುತ್ತದೆ. ಇಲ್ಲಿ ತೇಗದ ಟಿವಿ ಯೂನಿಟ್, ಅದರ ಟೊಳ್ಳು ಖಾನೆ, ಹಿಂದಿನ ತೆಳು ಪ್ಲೈವುಡ್ ಎಲ್ಲ ಸೇರಿ ಬುರುಡೆಯಾಗಿದ್ದವು. ಡಿಸ್ಕ್‌ನ ನಡುಕ ಮರಕ್ಕೆ ಇಳಿಯದ ಹಾಗೆ ಮಾಡಿದರೆ ಸಾಕು. ಅಕ್ಕನ ಸವೆದ ಹವಾಯಿ ಚಪ್ಪಲಿಯಿಂದ ನಾಲ್ಕು ತುಂಡು ಕತ್ತರಿಸಿ ಡಿಸ್ಕ್‌ನ ನಾಲ್ಕು ಮೂಲೆಗೆ ಕೊಟ್ಟೆವು. ಚಪ್ಪಲಿಯ ಆ ಮೆತ್ತನೆ ರಬ್ಬರ್ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಗುಂಯ್ ಮುಕ್ಕಾಲು ಪಾಲು ಇಳಿಯಿತು.

ಉಳಿದ ಕಾಲು ಪಾಲಿಗೆ 10,800 ರೂಪಾಯಿ ಆಯಿತು. 2 ಟಿಬಿ ಎಸ್‌ಎಸ್‌ಡಿ ತಂದು ಡಬ್ಬದ ಒಳಗೇ ಕೂರಿಸಿ, ಸಂಗ್ರಹವನ್ನೆಲ್ಲ ಅದಕ್ಕೆ ಸುರಿದೆವು. ತಿರುಗುವ ಡಿಸ್ಕ್ ಈಗ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ತೆಗೆದು ಹೊಸದಾಗಿ ಸೇರಿದ್ದನ್ನು ಕಾಪಿ ಮಾಡಿ ಮತ್ತೆ ಒಳಗೆ. ಡಬ್ಬಕ್ಕೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು. ಫ್ಯಾನ್ ಇಲ್ಲದ ಡಬ್ಬದ ಪಕ್ಕ ಹಾರ್ಡ್ ಡಿಸ್ಕ್ ಇಡುವುದು ಮೌನವ್ರತದವರ ಪಕ್ಕ ಗೊರಕೆಯವರನ್ನು ಮಲಗಿಸಿದ ಹಾಗೆ.

ರಿಮೋಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಇಂಥ ಇಂಟೆಲ್ ಡಬ್ಬಗಳಲ್ಲಿ ಹೆಚ್ಚಿನವು ಟಿವಿ ರಿಮೋಟ್‌ನ ಮಾತು ಕೇಳುವುದಿಲ್ಲ. ಪೈ ಕೇಳುತ್ತಿತ್ತು. ಹಾಗಾಗಿ ಒಂದು ಪುಟ್ಟ ವೈರ್‌ಲೆಸ್ ಕೀಬೋರ್ಡ್ ತಂದೆವು. ಅದರ ಗುಂಡಿ ಒತ್ತಿದರೆ ಒಮ್ಮೊಮ್ಮೆ ಕೇಳುತ್ತಿತ್ತು, ಒಮ್ಮೊಮ್ಮೆ ಇಲ್ಲ. ಬ್ಯಾಟರಿ ಎರಡು ಸಲ ಬದಲಾಯಿಸಿದ ಮೇಲೆ ಹೊಳೆಯಿತು. ಯುಎಸ್‌ಬಿ 3 ಕಿಂಡಿ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯ ಸುತ್ತಮುತ್ತ ಗಲಾಟೆ ಎಬ್ಬಿಸುತ್ತದೆ, ಕೀಬೋರ್ಡ್ ಮಾತಾಡುವುದೂ ಅದೇ ಜಾಗದಲ್ಲಿ. ಕೀಬೋರ್ಡ್‌ಗೆ ಅಂತ ಕಿಂಡಿಗೆ ಸಿಕ್ಕಿಸುವ ಪುಟ್ಟ ರಿಸೀವರನ್ನು ಒಂದು ಎಕ್ಸ್‌ಟೆನ್ಷನ್ ವೈರ್ ಹಾಕಿ ಒಂದಡಿ ಆಚೆ ತಂದೆ. ಸರಿಹೋಯಿತು.

ಬಾಳೆಎಲೆ ಪಂಕ್ತಿ

ಸದ್ದಿನ ಕಥೆಯಲ್ಲಿ ಇದು ಅಡ್ಡದಾರಿ. ಆದರೆ ನಮ್ಮ ಊರಿನ ಹಳೇ ವಿಡಿಯೋ ಇರುವ ಎಲ್ಲರಿಗೂ ಬರುವ ತೊಂದರೆ, ಹೇಳದೆ ಬಿಡಲಾರೆ.

1992ರ ಮದುವೆ ವಿಡಿಯೋ ಹಾಕಿದೆವು. ಆ ಕಾಲದ ಎಲ್ಲ ಮದುವೆ ವಿಡಿಯೋಗಳಲ್ಲೂ ಒಂದು ದೃಶ್ಯ ಇದ್ದೇ ಇರುತ್ತದೆ. ಊಟದ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕ್ಯಾಮೆರಾ ಸಾಗುತ್ತದೆ. ತಲೆ ಮೇಲೆ ಕಣ್ಣು ಕುಕ್ಕುವ ವಿಡಿಯೋ ಲೈಟ್. ಬಾಯಲ್ಲಿ ಹೋಳಿಗೆ ಇಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿ ನೋಡುತ್ತಾರೆ. ಹೊಸ ಟಿವಿಯಲ್ಲಿ ಆ ಬಾಳೆಎಲೆಗಳು ಸರಾಗವಾಗಿ ಸಾಗುವ ಬದಲು ಒಂದೊಂದೇ ಹೆಜ್ಜೆ ಎಡವಿಕೊಂಡು ಸಾಗಿದವು. ಅಂಚುಗಳಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ.

ನಮ್ಮ ದೇಶದ ಹಳೇ ವಿಡಿಯೋ ಪಾಲ್ ಪದ್ಧತಿಯದು. ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರವೂ ಸಮ ಗೆರೆ, ಬೆಸ ಗೆರೆ ಅಂತ ಎರಡು ಅರ್ಧಗಳಾಗಿ ಸೆಕೆಂಡಿಗೆ 50 ಸಲ. ಕಂಪ್ಯೂಟರ್ ಟಿವಿಗೆ ಕಳಿಸುತ್ತಿದ್ದದ್ದು 60. ಇಪ್ಪತ್ತೈದನ್ನು ಅರವತ್ತಕ್ಕೆ ಹಂಚಬೇಕಾದರೆ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ, ಹೀಗೆ ತಾಳ ತಪ್ಪುತ್ತದೆ. ಕೋಡಿಯ ಸೆಟ್ಟಿಂಗ್‌ನಲ್ಲಿ, ವಿಡಿಯೋಗೆ ತಕ್ಕ ಹಾಗೆ ಟಿವಿಯ ವೇಗ ಬದಲಾಯಿಸು ಅನ್ನುವುದನ್ನು ಆನ್ ಮಾಡಿದೆ. ಬಾಚಣಿಗೆ ಗೆರೆ ಹೋಗಲು, ಆ ಎರಡು ಅರ್ಧಗಳನ್ನು ಹೊಂದಿಸುವ ಡಿಇಂಟರ್‌ಲೇಸ್ ಹಾಕಿದೆ. ಟಿವಿ ಒಂದು ಕ್ಷಣ ಕಪ್ಪಾಗಿ 50ಕ್ಕೆ ಬಂತು. ಪಂಕ್ತಿ ಎಣ್ಣೆ ಹಚ್ಚಿದ ಹಾಗೆ ಜಾರಿತು. ಅಕ್ಕ ತಟ್ಟನೆ ಎದ್ದು ಟಿವಿ ಹತ್ತಿರ ಹೋಗಿ, "ಇದು ಪದ್ದಕ್ಕ ಅಲ್ವಾ, ಎಷ್ಟು ಸಣ್ಣಗಿದ್ಲು" ಅಂದಳು. ಮುಂದಿನ ಅರ್ಧ ಗಂಟೆ ಯಾರೂ ತಾಂತ್ರಿಕ ವಿಷಯ ಮಾತಾಡಲಿಲ್ಲ.

ಇದೇ ಪಾಲ್‌ನಿಂದ ಇನ್ನೊಂದು ದೂರು ಬಂತು. ಒಂದು ಹಳೇ ಸಿನಿಮಾದ ಡಿವಿಡಿ ಹಾಕಿ ಭಾವ, "ಹಾಡಿನ ಶ್ರುತಿ ಮೇಲಿದೆ" ಅಂದರು. ಡಬ್ಬದ ತಪ್ಪು ಅಂತ ನನ್ನನ್ನೇ ನೋಡಿದರು. ಸಿನಿಮಾ ಸೆಕೆಂಡಿಗೆ 24 ಚಿತ್ರ. ಅದನ್ನು ಪಾಲ್ ಡಿವಿಡಿಗೆ ಹಾಕುವಾಗ ಎಷ್ಟೋ ಸಲ ಸುಮ್ನೆ 25ಕ್ಕೆ ಓಡಿಸಿಬಿಡುತ್ತಾರೆ. ನೂರಕ್ಕೆ ನಾಲ್ಕರಷ್ಟು ವೇಗ ಏರಿದರೆ ಶ್ರುತಿಯೂ ಏರುತ್ತದೆ. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು. ಸಾಮಾನ್ಯರಿಗೆ ಗೊತ್ತಾಗಲ್ಲ. ಭಾವನಿಗೆ ಗೊತ್ತಾಯಿತು. ಇಂಥ ಕಿವಿಗೆ ನಾನು ಫ್ಯಾನ್ ಇರುವ ಡಬ್ಬ ಮಾರಲು ಹೊರಟಿದ್ದೆನಲ್ಲ!

ಕ್ರೋಶಾ ಬಟ್ಟೆ

ಏಪ್ರಿಲ್ ಬಂತು. 2024ರ ಏಪ್ರಿಲ್‌ನಲ್ಲಿ ಮೈಸೂರಿನವರೂ ಸೆಖೆ ಸೆಖೆ ಅಂದರು. ಒಂದು ಶನಿವಾರ ಬೆಳಗ್ಗೆ ಭಾವನ ಫೋನ್. "ಮೊಮ್ಮಗಳು ಬಾಯಿ ತೆಗೆದವಳು ಹಾಗೇ ನಿಂತುಬಿಟ್ಲು ಕಣೋ. ಮಾತು ಬರತ್ತೆ, ಚಿತ್ರ ಅಲ್ಲಾಡ್ತಾ ಇಲ್ಲ."

ಬೆಂಗಳೂರಿನಿಂದಲೇ ಡಬ್ಬದೊಳಗೆ ಇಣುಕಿ ನೋಡಿದೆ. ಚಿಪ್‌ನ ಬಿಸಿ 97 ಡಿಗ್ರಿ. ಜನವರಿಯಲ್ಲಿ ಸಿನಿಮಾ ಓಡುವಾಗ 58, ವಿಡಿಯೋ ಕಾಲ್‌ನಲ್ಲಿ 74 ಇತ್ತು. ವಿಡಿಯೋ ಕಾಲ್ ಯಾವಾಗಲೂ ಜಾಸ್ತಿಯೇ. ನಮ್ಮ ಚಿತ್ರವನ್ನು ಕುಗ್ಗಿಸಿ ಕಳಿಸುವ ಕೆಲಸ ಕೋರ್‌ಗಳ ಮೇಲೇ ಬೀಳುತ್ತದೆ. ಹಾಗಂತ 97? ಈ ಚಿಪ್‌ಗೆ 105 ಕೊನೆಯ ಗಡಿ. ಅದರ ಹತ್ತಿರ ಬಂದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಮೊಮ್ಮಗಳು ನಿಂತದ್ದು ಅದಕ್ಕೇ.

"ಭಾವ, ಡಬ್ಬದ ಮೇಲೆ ಏನಾದ್ರೂ ಇಟ್ಟಿದೀರಾ?"

"ಇಲ್ವಲ್ಲ. ಏನೂ ಇಲ್ಲ."

ಹಿಂದಿನಿಂದ ಅಕ್ಕನ ದನಿ. "ಧೂಳು ಬೀಳತ್ತೆ ಅಂತ ನಾನು ಹೊದಿಸಿದೀನಿ."

ಹೊದಿಸಿದ್ದು ಅವಳೇ ಹೆಣೆದ ಕ್ರೋಶಾ ಬಟ್ಟೆ. ಹಳೇ ಟಿವಿಯ ಮೇಲೆ ಇಪ್ಪತ್ತು ವರ್ಷ ಇತ್ತು. ಟಿವಿ ಚಪ್ಪಟೆಯಾದ ಮೇಲೆ ಅದಕ್ಕೆ ಜಾಗ ಇರಲಿಲ್ಲ, ಈಗ ಸಿಕ್ಕಿತು. ಜೊತೆಗೆ ಧೂಳಿನ ಕಾರಣಕ್ಕೇ ಖಾನೆಯ ಗಾಜಿನ ಬಾಗಿಲನ್ನೂ ಮುಚ್ಚಿದ್ದಳು. ಅವಳ ಲೆಕ್ಕ ತಪ್ಪಲ್ಲ. ಡೆಸ್ಕ್‌ಟಾಪ್ ಧೂಳು ಎಳೆದುಕೊಂಡು ಎಳೆದುಕೊಂಡು ಕೆಟ್ಟದ್ದನ್ನು ಅವಳೇ ಒರೆಸಿದವಳು. ಆದರೆ ಫ್ಯಾನ್ ಇಲ್ಲದ ಡಬ್ಬ ಧೂಳು ಎಳೆಯುವುದಿಲ್ಲ, ಅದಕ್ಕೆ ಬೇಕಿರುವುದು ಸುತ್ತ ಓಡಾಡುವ ಗಾಳಿ. ಇದನ್ನು ನಾನು ಭಾವನಿಗೆ ಹೇಳಿದ್ದೆ. ದಿನಾ ಒರೆಸುವವಳಿಗೆ ಹೇಳಿರಲಿಲ್ಲ.

ಮುಂದಿನ ವಾರ ಹೋದಾಗ ಡಬ್ಬವನ್ನು ಮೇಲಿನ ಬಾಗಿಲಿಲ್ಲದ ಖಾನೆಗೆ ತಂದೆವು. ಬಡಗಿಯನ್ನು ಕರೆಸಿ ಹಿಂದಿನ ಪ್ಲೈವುಡ್‌ನಲ್ಲಿ ಮೂರು ಇಂಚಿನ ಎರಡು ತೂತು, ಕೆಳಗೊಂದು ಮೇಲೊಂದು. ತಣ್ಣನೆ ಗಾಳಿ ಕೆಳಗಿನಿಂದ ಬಂದು ಬಿಸಿಯಾದದ್ದು ಮೇಲಿನಿಂದ ಹೋಗಲಿ ಅಂತ. ಸೆಖೆಯಲ್ಲೂ ವಿಡಿಯೋ ಕಾಲ್ 80ರ ಮೇಲೆ ಹೋಗಲಿಲ್ಲ. ಬಟ್ಟೆ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಹೋಯಿತು. ಡಬ್ಬದ ಬೆಚ್ಚಗಿನ ಬೆನ್ನಿಗೆ ಒಂದು ಹಲ್ಲಿ ಒಗ್ಗಿಕೊಂಡಿದೆ. ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ.

ಬೊಟ್ಟು

ಡಬ್ಬ, ಎಸ್‌ಎಸ್‌ಡಿ, ಕೀಬೋರ್ಡ್, ವೈರ್, ಬಡಗಿ ಎಲ್ಲ ಸೇರಿ 32,000 ರೂಪಾಯಿ ಚಿಲ್ಲರೆ. ಎಸ್.ಪಿ. ರೋಡಿನ 13,500 ನನ್ನ ತಲೆ ಮೇಲೆ.

ಜೂನ್‌ನಲ್ಲಿ ಇನ್ನೊಂದು ಫೋನ್. ಕೋಡಿಯ ಪಟ್ಟಿಯೆಲ್ಲ ಖಾಲಿ. ಫೈಲ್‌ಗಳು ಇದ್ದವು, ಅವುಗಳ ಲೆಕ್ಕ ಇಡುವ ಪುಸ್ತಕ ಕೆಟ್ಟಿತ್ತು. ಡಬ್ಬ ಓಡುತ್ತಿರುವಾಗಲೇ ಕರೆಂಟ್ ತೆಗೆದರೆ ಹೀಗಾಗುವುದುಂಟು. ಕರೆಂಟ್ ಹೋಗಿತ್ತಾ ಅಂತ ಕೇಳಿದೆ. ಇಲ್ಲ, ಇನ್‌ವರ್ಟರ್ ಇದೆಯಲ್ಲ ಅಂದರು. ಮತ್ತೆ?

ಭಾವ ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ ಆಫ್ ಮಾಡುತ್ತಾರೆ. ನಲವತ್ತು ವರ್ಷದ ಅಭ್ಯಾಸ. ಡೆಸ್ಕ್‌ಟಾಪ್ ಇದ್ದಾಗ ಮೊದಲು ಶಟ್‌ಡೌನ್ ಒತ್ತಿ, ಗಿರಣಿ ನಿಂತ ಮೇಲೆ ಸ್ವಿಚ್ ತೆಗೆಯುತ್ತಿದ್ದರು. ಸದ್ದು ನಿಂತಿತು ಅಂದರೆ ಯಂತ್ರ ನಿಂತಿತು. ಈಗ ಸದ್ದೇ ಇಲ್ಲ. ಟಿವಿ ಕಪ್ಪಾಗಿದೆ, ಹಾಲ್ ನಿಶ್ಶಬ್ದ, ಎಲ್ಲ ಆಫ್ ಆಗಿದೆ ಅಂದುಕೊಂಡು ಸ್ವಿಚ್ ತೆಗೆದಿದ್ದಾರೆ. ಒಂದು ದಿನ ಅಲ್ಲ, ಎಷ್ಟೋ ದಿನ.

"ಮುಂದೆ ನೀಲಿ ದೀಪ ಇದೆಯಲ್ಲ ಭಾವ, ಅದು ಆರಿದ ಮೇಲೆ ಸ್ವಿಚ್ ತೆಗೀಬೇಕು."

"ನೀಲಿ ದೀಪ? ಇದರಲ್ಲಿ ದೀಪ ಎಲ್ಲಿದೆ?"

ವಿಡಿಯೋ ಕಾಲ್‌ನಲ್ಲಿ ಡಬ್ಬದ ಹತ್ತಿರ ಫೋನ್ ಹಿಡಿಯಲು ಹೇಳಿದೆ. ದೀಪ ಇರಬೇಕಾದ ಜಾಗದಲ್ಲಿ ಒಂದು ಮರೂನ್ ಬಣ್ಣದ ಸ್ಟಿಕರ್ ಬೊಟ್ಟು, ಸರಿಯಾಗಿ ನಡುವೆ. ಕತ್ತಲಲ್ಲಿ ಸಿನಿಮಾ ನೋಡುವಾಗ ಆ ನೀಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂತ ಅಕ್ಕ ಜನವರಿಯಲ್ಲೇ ಅಂಟಿಸಿದ್ದಳಂತೆ.

ಬೊಟ್ಟು ತೆಗೆಯಲು ಅವಳು ಒಪ್ಪಲಿಲ್ಲ. ಹೊಲಿಗೆ ಡಬ್ಬಿಯಿಂದ ಸೂಜಿ ತಂದು ಬೊಟ್ಟಿನ ನಡುವೆ ಒಂದು ತೂತು ಚುಚ್ಚಿದಳು. ಈಗ ರಾತ್ರಿ ಹಾಲ್‌ನಲ್ಲಿ ಎಳ್ಳಿನಷ್ಟು ನೀಲಿ ಕಾಣುತ್ತದೆ. ಅದು ಆರುವವರೆಗೂ ಭಾವ ಸ್ವಿಚ್ ಹತ್ತಿರ ನಿಂತಿರುತ್ತಾರೆ.